ಒಂದು ಹನಿ ಸೋರದ ಪೆಟ್ಟಿಗೆ

ನಂಜನಗೂಡು
12-6-1996

ಅಪ್ಪಾ,

ಅವ್ವ ಹೋದ ವಾರ ಬಂದು ಎರಡು ದಿನ ಇದ್ದಳು. ಎರಡು ದಿನವೂ ನಿನ್ನದೇ ಮಾತು. ಸೇತುವೆ ಆದ ಮೇಲೆ ದೋಣಿ ಮಾಡಿಸುವವರು ಯಾರೂ ಇಲ್ಲ, ಹನ್ನೊಂದು ತಿಂಗಳಿಂದ ನೀನು ಬಾಚಿ ಮುಟ್ಟಿಲ್ಲ, ಬೆಳಗಾದರೆ ದೋಣಿ ಕಟ್ಟುವ ಕಡವಿನ ಕಲ್ಲಿನ ಮೇಲೆ ಹೋಗಿ ಕೂರುತ್ತೀಯ, ಊಟಕ್ಕೆ ಕರೆದರೆ "ಕೂತ್ಕಂಡಿರೋನ್ಗೆ ಒಟ್ಟೆ ಎಲ್ಲಿ ಅಸೀತದೆ" ಅನ್ನುತ್ತೀಯ. ಆ ಸೇತುವೆಯ ಮೇಲೆ ಕಾಲಿಡುವುದಿಲ್ಲ ಎಂದು ಆಣೆ ಬೇರೆ ಮಾಡಿದ್ದೀಯಂತೆ. ಹಾಗಾದರೆ ನಂಜನಗೂಡಿನ ಬಸ್ಸು ಹತ್ತುವ ಹಾಗೇ ಇಲ್ಲ. ಮಗಳ ಮನೆಯೂ ಬೇಡವಾಯಿತಾ? ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು.

ಈಗ ಒಂದು ಕೆಲಸ ಹೇಳುತ್ತೇನೆ, ಬೈಯದೆ ಕೇಳು. ನಿನ್ನ ಅಳಿಯ ಗುರು ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುವುದು ನಿನಗೆ ಗೊತ್ತು. ಈಗ ಗಿಟಾರಿನ ಸದ್ದನ್ನು ದೊಡ್ಡದು ಮಾಡುವ ಆಂಪ್ಲಿಫೈಯರ್ ಒಂದನ್ನು ಕೆಲಸದ ರೇಡಿಯೋ ಅಂಗಡಿಯಲ್ಲಿ ಕೂತು ತಾವೇ ಕಟ್ಟಿದ್ದಾರೆ. ಹಳೇ ರೇಡಿಯೋಗಳೊಳಗೆ ದೀಪದ ಹಾಗೆ ಕೆಂಪಗೆ ಉರಿಯುತ್ತವಲ್ಲ, ಗಾಜಿನ ವಾಲ್ವುಗಳು, ಅವನ್ನು ಹಾಕಿ. ಪ್ಲೈವುಡ್ ಪೆಟ್ಟಿಗೆಯಲ್ಲಿಟ್ಟರೆ ಡಬಡಬ ಅನ್ನುತ್ತದೆ. ಗಟ್ಟಿ ಮರದ್ದು, ಕೈಯಲ್ಲೇ ಕೂಡಿಸಿದ್ದು ಬೇಕಂತೆ. "ಮಾವನ ಕೈ ಬಿಟ್ರೆ ಇನ್ಯಾರ ಕೈಲೂ ಆಗಲ್ಲ" ಅಂದರು. ನಾನು ಹೇಳಿಕೊಟ್ಟದ್ದಲ್ಲ, ಅವರೇ ಅಂದದ್ದು.

ನಕ್ಷೆ ಈ ಕವರಿನೊಳಗೇ ಇದೆ. ಮುಂದೆ ಸ್ಪೀಕರಿಗೆ ದುಂಡನೆಯ ತೂತು, ಮೇಲೆ ತಿರುಗಣೆಗಳಿಗೆ ನಾಲ್ಕು ಸಣ್ಣ ತೂತು. ಹಿಂದುಗಡೆ ಹಲಗೆಯೇ ಬೇಡವಂತೆ. ಅಷ್ಟು ಕೆಲಸ ನಿನಗೂ ಕಡಿಮೆ.

ಮಾಡುತ್ತೀಯಲ್ಲ ಅಪ್ಪಾ?

ಯಶು


ಕಡವಿನ ಬೀದಿ, ಟಿ. ನರಸೀಪುರ ತಾಲ್ಲೂಕು
4-8-1996

ಮಗಳೇ ಯಶು,

ಪೆಟ್ಟಿಗೆ ನಾಳೆ ಹತ್ತೂವರೆ ಬಸ್ಸಿನ ಟಾಪಿನ ಮೇಲೆ ಬರುತ್ತದೆ. ಎಳೇ ಕೂಸು ಇಳಿಸಿದ ಹಾಗೆ ಇಳಿಸಪ್ಪಾ ಅಂತ ಕಂಡಕ್ಟರಿಗೆ ಹೇಳಿದ್ದೇನೆ. ಅವನು "ಒಳಗೇನಯ್ಯಾ, ಚಿನ್ನವಾ?" ಅಂದ. ಒಳಗೆ ಏನೂ ಇಲ್ಲ, ಪೆಟ್ಟಿಗೆಯೇ ಚಿನ್ನ ಅಂದೆ.

ಮರ ಯಾವುದು ಗೊತ್ತೇ? ನೀನು ಇಸ್ಕೂಲಿಗೆ ಹೋಗಿ ಬರುತ್ತಿದ್ದೆಯಲ್ಲ, ಆ ದೊಡ್ಡ ದೋಣಿ. ದಡದ ಮೇಲೆ ಬೋರಲು ಬಿದ್ದಿತ್ತು. ಹೊನ್ನೆ ಮರ, ನಲವತ್ತು ವರ್ಷ ನೀರು ಕುಡಿದು ಕಬ್ಬಿಣವಾಗಿದೆ. ಬಾಚಿ ಬಿದ್ದರೆ ಠಣ್ ಅಂತು. ನಿಮ್ಮವ್ವ ಒಳಗಿಂದ ಓಡಿ ಬಂದು "ಅಯ್ಯೋ, ಯಾರ್ ತಲೆ ಒಡೆದ್ರಿ" ಅಂದಳು. ನಗು ಬಂತು ನನಗೆ. ನಕ್ಕು ಎಷ್ಟು ದಿನವಾಗಿತ್ತೋ!

ಆದರೆ ನಿನ್ನ ಗಂಡನಿಗೆ ಒಂದು ಮಾತು ಹೇಳು. ಮಾವ ಮುದುಕನಾದ, ಕೆಲಸ ಕಡಿಮೆ ಆಗಲಿ ಅಂತ ಹಿಂದುಗಡೆ ಹಲಗೆ ಬಿಡಿಸುತ್ತಾನಲ್ಲ, ಅವನಿಗೆ ಬುದ್ಧಿ ಇದೆಯೇ? ಹೆಣ್ಣು ಕೊಟ್ಟ ಮನೆಗೆ ಬೆನ್ನಿಲ್ಲದ ಪೆಟ್ಟಿಗೆ ಕಳಿಸುತ್ತೇನಾ ನಾನು? ಕಂಡವರು "ದೋಣಿ ದೇವಯ್ಯಂಗೆ ಅಲಗೆ ಸಾಲ್ನಿಲ್ವಾ" ಅಂತ ಆಡಿಕೊಳ್ಳುವುದಿಲ್ಲವೇ? ಹಾಕಿದ್ದೇನೆ. ಒಂದೇ ಹಲಗೆ, ಆರು ತಿರುಪು. ದೋಣಿಯ ಸಂದಿಗೆ ತುಂಬುವ ಹಾಗೆಯೇ ಸೆಣಬಿನ ನಾರನ್ನು ರಾಳದಲ್ಲಿ, ಎಣ್ಣೆಯಲ್ಲಿ ಅದ್ದಿ ಸುತ್ತಲೂ ಕೂರಿಸಿದ್ದೇನೆ. ಯಂತ್ರ ಒಳಗಿಟ್ಟು ತಿರುಪು ಬಿಗಿದರೆ ಸಾಕು, ತಾನೇ ಕಚ್ಚಿಕೊಳ್ಳುತ್ತದೆ.

ಮುಂದಿನ ತೂತುಗಳನ್ನು ಕೊರೆಯುವ ಮುಂಚೆ ನಮ್ಮಪ್ಪ ಕಲಿಸಿದ ಪರೀಕ್ಷೆಯನ್ನೂ ಮಾಡಿದೆ. ಒಳಗೆ ಬೆಂಕಿಪೊಟ್ಟಣ ಇಟ್ಟು, ಮುಚ್ಚಿ, ಮೇಲೆ ಕಲ್ಲು ಹೇರಿ ಹೊಳೆಯಲ್ಲಿ ಒಂದು ಗಂಟೆ ಮುಳುಗಿಸಿದೆ. ತೆಗೆದು ಕಡ್ಡಿ ಗೀರಿದರೆ ಒಂದೇ ಏಟಿಗೆ ಹತ್ತಿತು. ಒಂದು ಹನಿ ಸೋರಿಲ್ಲ. ಅದೇ ಕಡ್ಡಿಯಲ್ಲಿ ಬೀಡಿ ಹಚ್ಚಿಕೊಂಡೆ.

ಗುರು ಬಾರಿಸಿದ ದಿನವೇ ಬರಿ. ಮರ ಏನಂತು ಅಂತ ಬರಿ.

ನಿನ್ನ ಅಪ್ಪ


(ಅಂಚೆಗೆ ಹಾಕದೆ ಉಳಿದ ಇನ್‌ಲ್ಯಾಂಡ್ ಕಾಗದ)

ನಂಜನಗೂಡು
18-8-1996

ಅಪ್ಪಾ,

ಹೋದ ಭಾನುವಾರ ಆದದ್ದನ್ನು ಈ ಭಾನುವಾರ ಬರೆಯುತ್ತಿದ್ದೇನೆ. ಒಂದು ವಾರ ಆಸ್ಪತ್ರೆಗೂ ಮನೆಗೂ ತಿರುಗಿದೆ.

ಹಿಂದಿನ ಹಲಗೆ ನೋಡಿದ ಕೂಡಲೇ ಇವರು "ಇದ್ನ ಬಿಚ್ಚಿಡ್ಬೇಕು ಕಣೇ, ವಾಲ್ವು ಕಾಯ್ತವೆ, ಗಾಳಿ ಆಡ್ಬೇಕು" ಅಂದರು. ಹಲಗೆ ಬೇಡ ಅಂದದ್ದಕ್ಕೆ ಕಾರಣ ಅದು. ನಾನು ಅವತ್ತು ಕೇಳಿರಲಿಲ್ಲ. ನಿನಗೆ ಕೆಲಸ ಕಡಿಮೆ ಅಂತ ನನ್ನ ತಲೆಯಿಂದ ಸೇರಿಸಿ ಬರೆದೆ. ಈಗಲೂ ಹಠ ಹಿಡಿದವಳು ನಾನೇ. ಅಪ್ಪ ಅಷ್ಟು ಆಸೆಯಿಂದ ಮುಚ್ಚಿ ಕಳಿಸಿದ್ದಾನೆ, ಒಂದೇ ಒಂದು ಹಾಡು ಮುಚ್ಚಿಯೇ ಬಾರಿಸಿ, ಹಾಗಂತ ಬರೆಯುತ್ತೇನೆ ಅಂದೆ. ನನ್ನ ಮಾತಿಗೆ ತಿರುಪು ಬಿಗಿದರು.

ಎಂಥ ಸ್ವರ ಅಪ್ಪಾ! ತುಂಬಿದ ಹೊಳೆ ದೋಣಿಯ ತಳ ತಟ್ಟಿದರೆ ಕಾಲಿಗೆ ಗೊತ್ತಾಗುತ್ತದಲ್ಲ, ಹಾಗೆ ನೆಲದಿಂದ ಎದ್ದು ಬಂತು. ಒಂದು ಹಾಡು ಅಂದವರು ನಿಲ್ಲಿಸಲಿಲ್ಲ. ನಾನೂ ನಿಲ್ಲಿಸಿ ಅನ್ನಲಿಲ್ಲ. ಒಂದು ಗಂಟೆಯಾದ ಮೇಲೆ ರಾಳದ ವಾಸನೆ ಬಂತು, ಹೊಗೆ ಬಂತು. ಕರೆಂಟು ಕಿತ್ತು ಹಲಗೆ ತೆಗೆಯಲು ಹೋದರು. ಗಾಳಿ ಒಳಕ್ಕೆ ನುಗ್ಗಿದ್ದೇ ಭಗ್ ಅಂತ ಉರಿ ಎದ್ದಿತು. ಉರಿಯುವ ರಾಳ ಎಡಗೈಗೆ ಮೆತ್ತಿಕೊಂಡಿತು, ಒರೆಸಿದರೆ ಇನ್ನಷ್ಟು ಅಂಟಿತು. ಮೂರು ಬೆರಳು ಬೆಂದು ಮುದುರಿವೆ. ಇನ್ನು ಚಾಚಲು ಬರುವುದಿಲ್ಲ ಅಂದರು ಡಾಕ್ಟರು. ಗಿಟಾರಿನ ತಂತಿ ಒತ್ತುವುದು ಎಡಗೈ ಅಪ್ಪಾ.

"ಮಾವಂಗೆ ಬರೀಬೇಡ. ಈಗಿನ್ನ ಬಾಚಿ ಮುಟ್ಟವ್ರೆ. ಗೊತ್ತಾದ್ರೆ ಆವಯ್ಯ ಉಳಿಯಲ್ಲ" ಅನ್ನುತ್ತಾರೆ, ನೋವಿನಲ್ಲಿ ಹಲ್ಲು ಕಚ್ಚಿಕೊಂಡು. ಆದರೂ ಬರೆದಿದ್ದೇನೆ. ಅಂಟಿಸಿ ಇಡುತ್ತೇನೆ, ನಾಳೆ ಸ್ಕೂಲಿಗೆ ಪಾಠಕ್ಕೆ ಹೋಗುವಾಗ ಅಂಚೆ ಡಬ್ಬಿಗೆ ಹಾಕುತ್ತೇನೆ.

ಯಶು


ನಂಜನಗೂಡು
25-8-1996

ಪ್ರೀತಿಯ ಅಪ್ಪಾ,

ಪೆಟ್ಟಿಗೆ ಜೋಪಾನವಾಗಿ ಬಂತು. ಬರೆಯುವುದು ತಡವಾಯಿತು, ಹೆಮ್ಮರಗಾಲದ ನನ್ನ ಸ್ಕೂಲಿನಲ್ಲಿ ಮಕ್ಕಳಿಗೆ ಪರೀಕ್ಷೆ ಇತ್ತು.

ನೀನು ಕಳಿಸಿದ ಹಾಗೆಯೇ, ಹಿಂದಿನ ಹಲಗೆ ಮುಚ್ಚಿಯೇ ಬಾರಿಸಿದರು. ಇಡೀ ಬೀದಿ ಬಂದು ಕೇಳಿತು. ಇಂಥ ಪೆಟ್ಟಿಗೆ ಮೈಸೂರಿನಲ್ಲೂ ಯಾರ ಹತ್ತಿರವೂ ಇಲ್ಲ ಅಂದರು. ಹೊನ್ನೆ ಮರ ಹಾಡುತ್ತದೆ ಅಪ್ಪಾ. ದಿನಾ ಬಾರಿಸುತ್ತಾರೆ.

ಇವರು ಪ್ರೋಗ್ರಾಮಿಗೆ ಹೋಗಿದ್ದಾರೆ, ಇಲ್ಲದಿದ್ದರೆ ಅವರೇ ಎರಡು ಸಾಲು ಬರೆಯುತ್ತಿದ್ದರು. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಯಶು


ಕಡವಿನ ಬೀದಿ
10-2-1997

ಯಶು,

ಇದು ನಾಲ್ಕನೆಯ ಪೆಟ್ಟಿಗೆ. ಅಳಿಯ ಕೇಳಿಲ್ಲ, ಆದರೂ ಮಾಡುತ್ತೇನೆ, ಕೈ ಸುಮ್ಮನೆ ಬಿಡಬೇಕಲ್ಲ! ನಿಮ್ಮವ್ವ "ಮೊದ್ಲು ಉಣ್ಣೂದಿಲ್ಲ ಅಂತ ಅತ್ತೆ, ಈಗ ಉಂಡು ಉಂಡು ಅಕ್ಕಿ ಕಾಲಿ ಮಾಡ್ತಾವ್ರೆ ಅಂತ ಅಳ್ಬೇಕು" ಅನ್ನುತ್ತಾಳೆ. ದೋಣಿಯ ಅರ್ಧ ಮೈ ಮುಗಿಯಿತು. ಈ ಸಲ ಮೂಲೆಗಳನ್ನು ಬೆರಳಿಗೆ ಬೆರಳು ಹೆಣೆದ ಹಾಗೆ ಕಚ್ಚಿಸಿದ್ದೇನೆ, ಒಂದು ಮೊಳೆ ಇಲ್ಲ. ಎರಡು ಗಂಟೆ ಮುಳುಗಿಸಿದೆ. ಕಡ್ಡಿ ಹತ್ತಿತು.

ನಿನ್ನ ಆಗಸ್ಟಿನ ಕಾಗದವನ್ನು ಏನಿಲ್ಲವೆಂದರೂ ನೂರು ಸಲ ಓದಿದ್ದೇನೆ. ಮಡಿಕೆಯ ಕಡೆ ಹರಿಯಿತು. ಅವ್ವ ಗೋಂದು ಹಾಕಿ ಅಂಟಿಸಿದ್ದಾಳೆ. ಕಡವಿಗೆ ಬಂದವರಿಗೆಲ್ಲ ಓದಿ ಹೇಳುತ್ತೇನೆ. ಹೊನ್ನೆ ಮರ ಹಾಡುತ್ತದೆ ಅಂತ ಬರೆದಿದ್ದೀಯಲ್ಲ, ಆ ಜಾಗವನ್ನು ಎರಡೆರಡು ಸಲ ಓದುತ್ತೇನೆ.

ಒಂದು ಸಲ ಆ ಪೆಟ್ಟಿಗೆ ತಂದು ಇಲ್ಲಿ ಕಡವಿನಲ್ಲಿಟ್ಟು ಗುರು ಬಾರಿಸಬಾರದೇ? ನಾನು ಅಲ್ಲಿಗೆ ಬರುವ ಹಾಗಿಲ್ಲ, ಆಣೆ. ಕಿವಿಯಿಂದ ಒಂದು ಸಲ ಕೇಳಬೇಕು ಕಣವ್ವಾ.

ನಿನ್ನ ಅಪ್ಪ


ನಂಜನಗೂಡು
2-3-1997

ಅಪ್ಪಾ,

ಬಸ್ಸಿನ ಕುಲುಕಾಟಕ್ಕೆ ವಾಲ್ವು ಒಡೆದುಹೋಗುತ್ತವಂತೆ. ಬೇಸಿಗೆ ಕಳೆಯಲಿ, ನೋಡೋಣ.

ಇನ್ನೊಂದು ಮಾತು. ನಮ್ಮ ಮನೆಗೆ ಬಿಟ್ಟು ಹೊರಗೆ ಯಾರಿಗೂ ಈ ಪೆಟ್ಟಿಗೆ ಮಾಡಿಕೊಡಬೇಡ. ಯಾರು ಕೇಳಿದರೂ ಸರಿ. ಕಂಡವರು ನಿನ್ನ ಕೆಲಸ ನೋಡಿ ಕದ್ದು ಮಾಡುತ್ತಾರೆ, ಇದು ನಮ್ಮದೇ ಆಗಿರಲಿ ಅಂತ ಇವರ ಆಸೆ. ನನಗೆ ಮಾತು ಕೊಡು ಅಪ್ಪಾ. ಬರೆದು ಕಳಿಸು.

ಯಶು


ಕಡವಿನ ಬೀದಿ
30-11-1997

ಯಶು,

ಮಾತು ಕೊಡು ಅಂದೆಯಲ್ಲ, ಕೊಟ್ಟಿದ್ದೇನೆ ಅಂತ ತಿಳಿ. ಆದರೆ ಅಳಿಯನಿಗೆ ಇಷ್ಟು ಹೊಟ್ಟೆಕಿಚ್ಚು ಇದೆ ಅಂತ ಗೊತ್ತಿರಲಿಲ್ಲ. ಮಾವನ ಪೆಟ್ಟಿಗೆ ಊರಲ್ಲೆಲ್ಲ ತಾನೊಬ್ಬನೇ ಬಾರಿಸಬೇಕು! ತಮಾಷೆಗೆ ಬರೆದೆ, ಅವನಿಗೆ ಹೇಳಬೇಡ.

ತಮಾಷೆ ಬಿಟ್ಟು ಕೇಳುತ್ತೇನೆ. ಒಂದು ವರ್ಷದ ಮೇಲಾಯಿತು, ಗುರು ಯಾಕೆ ಒಂದು ಸಾಲೂ ಬರೆಯುವುದಿಲ್ಲ? ಬುದ್ಧ ಪೂರ್ಣಿಮೆಗೆ ನೀನೊಬ್ಬಳೇ ಬಂದೆ. ಕೇಳಿದರೆ ಅವ್ವನ ಹಿಂದೆ ಒಳಗೆ ಹೋಗಿಬಿಟ್ಟೆ. ಬೇಸಿಗೆ ಕಳೆಯಿತು, ಮಳೆಗಾಲವೂ ಕಳೆಯಿತು. ನೀವು ಆರ್ಕೆಸ್ಟ್ರಾದವರು, ನಾನು ದೋಣಿಯವನು. ಸ್ಟೇಜಿನವರೆದುರಿಗೆ ಈ ಮಾವನನ್ನು ತೋರಿಸಲು ನಾಚಿಕೆಯೇ? ಹಾಗಿದ್ದರೆ ಹಾಗೇ ಹೇಳಿ, ನಾನೇನು ಅಳುವುದಿಲ್ಲ. ಮುಚ್ಚಿಡಬೇಡಿ.

ನಿನ್ನ ಅಪ್ಪ


ನಂಜನಗೂಡು
18-1-1998

ಅಪ್ಪಾ,

ನಾಚಿಕೆ ಅಂದೆಯಲ್ಲ, ಆ ಕಾಗದ ಓದಿ ಎರಡು ದಿನ ನನಗೆ ಅನ್ನ ಇಳಿಯಲಿಲ್ಲ. ನಿನ್ನಾಣೆ ಹಾಗಲ್ಲ. ಇವರು ರೇಡಿಯೋ ಅಂಗಡಿ ಬಿಟ್ಟು ಫ್ಯಾಕ್ಟರಿಗೆ ಸೇರಿದ್ದಾರೆ, ಗೇಟಿನಲ್ಲಿ ಕೆಲಸ. ಶಿಫ್ಟು ಮುಗಿಸಿ ಬಂದರೆ ಸುಸ್ತು, ಮಾತೇ ಕಡಿಮೆ. ಅದಕ್ಕೇ ಬರೆಯುವುದಿಲ್ಲ.

ಪೆಟ್ಟಿಗೆಗಳು ಚೆನ್ನಾಗಿವೆ. ಇನ್ನು ಕಳಿಸಬೇಡ, ಮನೆ ಚಿಕ್ಕದು.

ಯಶು


ಕಡವಿನ ಬೀದಿ
4-9-1998

ಯಶು,

ಅಕ್ಷರ ಅಡ್ಡಾದಿಡ್ಡಿ ಆದರೆ ಓದಿಕೋ.

ನಿನಗೆ ಕೊಟ್ಟ ಮಾತು ತಪ್ಪಿದ್ದೇನೆ. ಬನ್ನೂರಿನ ಚಿಕ್ಕಸ್ವಾಮಿ ಅಂತ ಒಬ್ಬ, ಗಿಟಾರಿನವನು. ಪೆಟ್ಟಿಗೆಯ ಸುದ್ದಿ ಕೇಳಿ, ತನ್ನ ಹತ್ತಿರವೂ ಅಂಥದೇ ವಾಲ್ವಿನ ಯಂತ್ರ ಇದೆ ಅಂತ ಜೂನಿನಲ್ಲಿ ಬಂದ. ನೀವು ಇನ್ನು ಕಳಿಸಬೇಡ ಅಂದಿದ್ದಿರಿ, ಕಡೆಯದೊಂದು ಇಲ್ಲೇ ಕೂತಿತ್ತು. ಅದನ್ನು ಸವರಿ ಸವರಿ ನೋಡಿದ. ಕೊಟ್ಟುಬಿಟ್ಟೆ. ಅವನನ್ನೂ ಗುರುವನ್ನೂ ಒಟ್ಟಿಗೆ ಕೂರಿಸಿ ಬಾರಿಸಿದ್ದನ್ನು ಕೇಳಬೇಕು, ಅವತ್ತು ನಿಮಗೆ ಹೇಳಬೇಕು ಅಂತ ಇದ್ದೆ.

ಚಿಕ್ಕಸ್ವಾಮಿ ಸತ್ತುಹೋದ.

ಗಣಪತಿ ಹಬ್ಬದ ಪ್ರೋಗ್ರಾಮಿಗೆ ಮನೆ ಹಿಂದಿನ ಶೀಟಿನ ಕೋಣೆಯಲ್ಲಿ ಪ್ರಾಕ್ಟೀಸು ಮಾಡುತ್ತಿದ್ದನಂತೆ. ಮಧ್ಯಾಹ್ನ. ಪೆಟ್ಟಿಗೆಯಿಂದ ಬೆಂಕಿ ಎದ್ದಿತು ಅನ್ನುತ್ತಾರೆ. ಬಾಗಿಲ ಕಡೆ ಪೆಟ್ಟಿಗೆ, ಒಳಗಡೆ ಅವನು. ಮೂರು ದಿನ ಆಸ್ಪತ್ರೆಯಲ್ಲಿದ್ದ. ಹೆಂಡತಿ ನಯನ ಅಂತ, ನಿನ್ನ ವಯಸ್ಸಿನವಳು.

ಜನ ಬಂದು ನನ್ನ ಶೆಡ್ಡಿನ ಮುಂದೆ ನಿಂತರು. "ನಿನ್ ಪೆಟ್ಗೇನೆ ಸುಟ್ಟಾಕ್ತು ಕಣಯ್ಯಾ" ಅಂದರು. ನಾನು ಒಪ್ಪಲಿಲ್ಲ. ಎದೆ ಕೊಟ್ಟು ನಿಂತು ಹೇಳಿದೆ. "ನನ್ ಅಳೀಮಯ್ಯ ಎರಡು ವರ್ಷದಿಂದ ದಿನಾ ಬಾರಿಸ್ತಾವ್ನೆ, ಅವನ್ಗೇನಾಗದೆ? ಓಗಿ ನೋಡ್ಕಂಡ್ ಬನ್ನಿ" ಅಂದೆ.

ಚಿಕ್ಕಸ್ವಾಮಿಯೂ ಅವತ್ತು ಕೇಳಿದ್ದ ಯಶು. "ಅಯ್ಯಾ, ಇದ್ರ ಇಂದ್ಗಡೆ ತೆರೆದಿರ್ಬೇಕಲ್ವಾ?" ಅಂದ. ನಾನು ಒಳಗಿಂದ ನಿನ್ನ ಕಾಗದ ತಂದು ತೋರಿಸಿದೆ. ಹಿಂದಿನ ಹಲಗೆ ಮುಚ್ಚಿಯೇ ಬಾರಿಸಿದರು, ದಿನಾ ಬಾರಿಸುತ್ತಾರೆ ಅಂತ ಬರೆದಿದ್ದೀಯಲ್ಲ, ಅದನ್ನು. ಎರಡು ಸಲ ಓದಿದ. "ಟೀಚರಮ್ಮ ಬರೆದವ್ರೆ ಅಂದ್ಮೇಲೆ ಇನ್ನೇನು" ಅಂದು ನಕ್ಕ.

ನೀವಿಬ್ಬರೂ ಬನ್ನಿ. ಆ ಪೆಟ್ಟಿಗೆ ತನ್ನಿ. ಬನ್ನೂರಿಗೆ ಹೋಗಿ ಆ ಹೆಣ್ಣುಮಗಳ ಮುಂದೆ ಮುಚ್ಚಿ ಬಾರಿಸಿ ತೋರಿಸೋಣ. ಬೆಂಕಿಗೆ ಬೇರೆ ಏನೋ ಕಾರಣ ಅಂತ ಅವಳಿಗೂ ಗೊತ್ತಾಗಲಿ, ನನಗೂ ಗೊತ್ತಾಗಲಿ. ನಾನು ಒಬ್ಬನನ್ನು ಕೊಂದಿದ್ದೇನೋ ಇಲ್ಲವೋ ಅಂತ ಹೇಳಬಲ್ಲವರು ನೀವಿಬ್ಬರೇ. ವಾಲ್ವು ಒಡೆದರೆ ಒಡೆಯಲಿ.

ಬೇಗ ಬನ್ನಿ.

ನಿನ್ನ ಅಪ್ಪ


ನಂಜನಗೂಡು
8-9-1998

ಅಪ್ಪಾ,

ಬರಲಾರೆವು. ಆ ಪೆಟ್ಟಿಗೆ ಇಲ್ಲ. ಎರಡು ವರ್ಷದ ಹಿಂದೆಯೇ ಸುಟ್ಟುಹೋಯಿತು.

ಇದರೊಳಗೆ ಒಂದು ಇನ್‌ಲ್ಯಾಂಡ್ ಇದೆ. ಅವತ್ತೇ ಬರೆದದ್ದು. ಒಡೆದು ಓದು, ಎಲ್ಲಾ ಅದರಲ್ಲಿದೆ. ಡಬ್ಬಿಯವರೆಗೂ ತೆಗೆದುಕೊಂಡು ಹೋದೆ. ನೀನು ಮತ್ತೆ ಕಲ್ಲಿನ ಮೇಲೆ ಕೂತದ್ದು ಕಣ್ಣಿಗೆ ಬಂತು, ಕೈಚೀಲಕ್ಕೆ ಹಾಕಿಕೊಂಡು ವಾಪಸ್ಸು ಬಂದೆ. ನಾಳೆ ಹಾಕೋಣ ಅಂದುಕೊಂಡೆ. ಆಮೇಲೆ ಆ ಇನ್ನೊಂದು ಕಾಗದ ಬರೆದೆ. ಆಮೇಲೆ ನೀನು ನೂರು ಸಲ ಓದಿದೆ ಅಂತ ಬರೆದೆ. ಇನ್ನು ಹೇಗೆ ಹೇಳಲಿ? ಅವ್ವ ಇಲ್ಲಿಗೆ ಬರುತ್ತೇನೆ ಅಂದಾಗಲೆಲ್ಲ ಏನಾದರೊಂದು ನೆಪ ಹೇಳಿ ತಪ್ಪಿಸಿದೆ.

ಇವರು ಗಿಟಾರ್ ಮುಟ್ಟಿ ಎರಡು ವರ್ಷವಾಯಿತು. ಗೇಟಿನಲ್ಲಿ ಬಲಗೈಯಲ್ಲಿ ರಿಜಿಸ್ಟರ್ ಬರೆಯುತ್ತಾರೆ. ನಿನ್ನ ಮಿಕ್ಕ ಪೆಟ್ಟಿಗೆಗಳಲ್ಲಿ ಒಂದರಲ್ಲಿ ಅಕ್ಕಿ ಇಟ್ಟಿದ್ದೇನೆ, ಒಂದರಲ್ಲಿ ರಗ್ಗು, ಒಂದರಲ್ಲಿ ಸ್ಕೂಲಿನ ಮಕ್ಕಳ ಕಾಪಿಪುಸ್ತಕ. ಹೊರಗೆ ಕೊಡಬೇಡ ಅಂದದ್ದು ಯಾರೂ ಸುಡಬಾರದು ಅಂತ. ಅಷ್ಟು ಸಾಕು ಅಂದುಕೊಂಡಿದ್ದೆ. ಯಾಕೆ ಅಂತ ಹೇಳದೆ ಬರೀ ಬೇಡ ಅಂದೆ.

ನೀನು ಉಳಿಯಲಿ ಅಂತ ಮಾಡಿದೆ ಅಪ್ಪಾ. ಅಷ್ಟೇ. ಚಿಕ್ಕಸ್ವಾಮಿಯನ್ನು ಕೊಂದವಳು ನಾನು. ಬೈದು ಬರಿ, ಏನಾದರೂ ಬರಿ.

ಯಶು


ಕಡವಿನ ಬೀದಿ
20-9-1998

ಯಶೋಧರಾ,

ಸೇತುವೆ ದಾಟಿದೆ. ನಡೆದೇ ದಾಟಿದೆ, ಏನೂ ಅನ್ನಿಸಲಿಲ್ಲ. ಆಚೆ ದಡದಲ್ಲಿ ಬನ್ನೂರಿನ ಬಸ್ಸು ಹಿಡಿದು ಆ ನಯನ ಅವರ ಮನೆಗೆ ಹೋದೆ. ಮೊರದಲ್ಲಿ ಅಕ್ಕಿ ಕೇರುತ್ತಿದ್ದರು. ಎಲ್ಲಾ ಹೇಳಿದೆ.

"ನಿಮ್ಗೆ ಮೊದ್ಲೇ ಗೊತ್ತಿತ್ತಾ?" ಅಂದರು.

ಇಲ್ಲ ಅಂದೆ.

"ನಿಮ್ಮ ಮನೇಲಿ ಗೊತ್ತಿತ್ತಾ?" ಅಂದರು.

ಗೊತ್ತಿತ್ತು ಅಂದೆ. ಅವರು ಮತ್ತೆ ಅಕ್ಕಿ ಕೇರಲು ಶುರು ಮಾಡಿದರು. ನಾನು ಬಸ್ಸು ಹಿಡಿದು ಬಂದೆ.

ಗುರುವಿನ ಬೆರಳು ಹೋದದ್ದು ನನ್ನ ಕೈಯಿಂದ. ಅದಕ್ಕೆ ನಾನು ಏನು ಹೇಳಲಿ? ಅವನ ಕಾಲು ಹಿಡಿಯಬೇಕು, ಹಿಡಿಯಲು ಮುಖವಿಲ್ಲ. ಬೇಡ ಅಂದ ಹಲಗೆ ಹಾಕಿದವನು ನಾನು. ಆದರೆ ಅವತ್ತೇ ಹೇಳಿದ್ದರೆ ಆ ಹಲಗೆಯಲ್ಲಿ ಒಂದು ತೂತು ಕೊರೆಯುತ್ತಿದ್ದೆ. ಒಂದು ಬೀಡಿ ಸೇದುವಷ್ಟು ಹೊತ್ತಿನ ಕೆಲಸ ಅದು. ಐವತ್ತು ವರ್ಷ ತೂತು ಮುಚ್ಚಿದವನಿಗೆ ಒಂದು ತೂತು ಕೊರೆಯಲು ಬರುತ್ತಿರಲಿಲ್ಲವೇ? ಇಲ್ಲವೇ, ನೊಂದು ಕಲ್ಲಿನ ಮೇಲೆ ಕೂತು ಸಾಯುತ್ತಿದ್ದೆನೋ ಏನೋ. ಸತ್ತರೆ ನಾನೊಬ್ಬ ಸಾಯುತ್ತಿದ್ದೆ.

ಬಾಚಿ, ಉಳಿ, ಕೊಡತಿ ಎಲ್ಲಾ ಹೊಳೆಗೆ ಹಾಕಿದೆ. ಮುಳುಗಿದವು. ಇಲ್ಲಿಗೆ ಬರಬೇಡ. ಅವ್ವನನ್ನು ನೋಡಬೇಕಾದರೆ ಅವಳೇ ಬರುತ್ತಾಳೆ.

ನಿನ್ನ ಆ ಹಳೇ ಕಾಗದ ಬಂತು. ವಿಳಾಸ ಮುತ್ತಿನ ಹಾಗೆ ಬರೆದಿದ್ದೀಯ. ಮೂರು ಅಂಚಿಗೂ ಅಂಟು ಹಚ್ಚಿ ಒತ್ತಿದ್ದೀಯ. ಉಗುರಿಗೆ ಬಿಡಲಿಲ್ಲ, ನಿಮ್ಮವ್ವ ಕುಡುಗೋಲು ತಂದು ಬಿಡಿಸಿದಳು. ಎರಡು ವರ್ಷ, ಒಂದು ಹನಿ ಸೋರಿಲ್ಲ. ದೋಣಿ ದೇವಯ್ಯನ ಮಗಳೇ ಹೌದು ನೀನು.

ದೇವಯ್ಯ